ಕಾಗದದ ಮೇಲಿನ ಹದಿನಾಲ್ಕು ಕಂಬಗಳು

ಚಂಡಮಾರುತ ಬಂದು ಹೋಗಿ ಹದಿನೈದು ದಿನವಾಗಿತ್ತು. ಅದು ಇದ್ದದ್ದು ಒಂದು ರಾತ್ರಿ, ಮಾಡಿಟ್ಟು ಹೋದದ್ದು ಒಂದು ವರ್ಷದ ಕೆಲಸ. ಮುರಿದ ಕಂಬಗಳನ್ನು ಎಣಿಸುವುದನ್ನು ಲೈನ್‌ಮನ್ ಮೂರನೇ ದಿನವೇ ಬಿಟ್ಟಿದ್ದ. ಐವತ್ತೊಂಬತ್ತು ವಯಸ್ಸು, ಮೂವತ್ತನಾಲ್ಕು ವರ್ಷದ ಸರ್ವೀಸು, ನಿವೃತ್ತಿಗೆ ಇನ್ನು ಏಳು ತಿಂಗಳು. ಸುತ್ತಲ ಹನ್ನೆರಡು ಹಳ್ಳಿಗಳಲ್ಲಿ ಅವನ ನಿಜವಾದ ಹೆಸರು ಎಷ್ಟು ಜನಕ್ಕೆ ಗೊತ್ತಿತ್ತೋ ಏನೋ, ಎಲ್ಲರೂ ಕರೆಯುತ್ತಿದ್ದದ್ದು 'ಸದ್ಯಕ್ಕಣ್ಣ' ಎಂದು. ಎಲ್ಲೇ ತಂತಿ ತುಂಡಾಗಲಿ, ಇದ್ದುದರಲ್ಲೇ ಏನಾದರೊಂದು ಗಂಟು ಹಾಕಿ ದೀಪ ಹೊತ್ತಿಸಿ, ಕೆಳಗಿಳಿದು ಕೈ ಒರೆಸಿಕೊಳ್ಳುತ್ತ, "ಸದ್ಯಕ್ಕೆ ಇಷ್ಟು ಮಾಡಿದೀನಿ, ಸಾಮಾನು ಬಂದ್ಮೇಲೆ ಸರಿಯಾಗಿ ಮಾಡೋಣ" ಎನ್ನುತ್ತಿದ್ದ. ಸಾಮಾನು ಬರುತ್ತಿರಲಿಲ್ಲ. ಜನ ನಗುತ್ತಿದ್ದರು, ಆದರೆ ಅವರ ಮನೆಯಲ್ಲಿ ದೀಪ ಉರಿಯುತ್ತಿತ್ತು.

ಈಗ ಯಾರೂ ನಗುತ್ತಿರಲಿಲ್ಲ. ಬೇರೆ ಜಿಲ್ಲೆಯಿಂದ ಇಪ್ಪತ್ತು ಜನರ ತಂಡವೊಂದು ಲಾರಿ ತುಂಬ ಕಂಬ, ತಂತಿ ಹೇರಿಕೊಂಡು ಬಂದಿತ್ತು. ಅವರಿಗೆ ದಾರಿ ತೋರಿಸುವುದು ಅವನ ಕೆಲಸ. ಹೋದಲ್ಲೆಲ್ಲ ಜನ ಮುತ್ತಿಕೊಂಡು ಬೈಯುತ್ತಿದ್ದರು. ಬೈದದ್ದು ಗಾಳಿಗಲ್ಲ, ಸರ್ಕಾರಕ್ಕಲ್ಲ, ಎದುರಿಗೆ ಸಿಕ್ಕ ಖಾಕಿ ಅಂಗಿಗೆ. ಒಬ್ಬ ಫ್ರಿಜ್ಜಿನಲ್ಲಿ ಕೊಳೆತದ್ದನ್ನೆಲ್ಲ ಚೀಲಕ್ಕೆ ತುಂಬಿ ತಂದು ಅವನ ಮೂಗಿನ ಕೆಳಗೆ ಹಿಡಿದ. ಇನ್ನೊಬ್ಬ ಮೊಬೈಲ್ ಎತ್ತಿ ಅವನ ಮುಖದ ವಿಡಿಯೊ ಮಾಡಿಕೊಂಡ. ಅದಕ್ಕೆ ಚಾರ್ಜ್ ಎಲ್ಲಿಂದ ಬಂತಪ್ಪ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡ.

ಇದನ್ನೆಲ್ಲ ಹೇಗೋ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಬೆಳಿಗ್ಗೆ ಆರೂವರೆಗೆ ಬಾಗಿಲಲ್ಲಿ ಕೇಳುತ್ತಿದ್ದ ಅಕ್ಕನ ದನಿ. ಅಕ್ಕನ ಮನೆ ಹೊಳೆಯ ಆಚೆ ದಡದಲ್ಲಿ. ಮೂವತ್ತೆರಡು ಮನೆಗಳ ಆ ಊರನ್ನು ಎಲ್ಲರೂ ಕರೆಯುವುದೂ 'ಹೊಳೆಯಾಚೆ' ಎಂದೇ. ಚಂಡಮಾರುತದ ದಿನ ಸಮುದ್ರದ ನೀರು ಹೊಳೆಯೊಳಗೆ ಹಿಂದಕ್ಕೆ ನುಗ್ಗಿ ಅಲ್ಲಿನ ಬಾವಿಗಳೆಲ್ಲ ಉಪ್ಪಾಗಿದ್ದವು. ಸಿಹಿನೀರು ಉಳಿದದ್ದು ಒಂದು ಕೊಳವೆಬಾವಿಯಲ್ಲಿ ಮಾತ್ರ. ಅದರ ಮೋಟರಿಗೆ ಕರೆಂಟಿಲ್ಲ. ಹಾಗಾಗಿ ಅರವತ್ತನಾಲ್ಕು ವರ್ಷದ ಅಕ್ಕ ದಿನಾ ಎರಡು ಕೊಡ ಹಿಡಿದು, ಸೇತುವೆ ದಾಟಿ, ಎರಡು ಮೈಲಿ ನಡೆದು ತಮ್ಮನ ಮನೆಯ ಪಕ್ಕದ ಕೈಪಂಪಿಗೆ ಬರುತ್ತಿದ್ದಳು. ಅಪ್ಪ ಅಮ್ಮ ಹೋದಮೇಲೆ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅವಳೇ.

"ಇವತ್ತಾದ್ರೂ ಬರತ್ತೇನೋ?"

"ನಾಳೆ, ಅಕ್ಕ."

"ನಾಳೆ ಅಂತ ಹತ್ತು ಸಲ ಹೇಳಿದೀಯ. ಇರ್ಲಿ, ನೀನಾದ್ರೂ ಏನು ಮಾಡ್ತೀಯ. ಅಲ್ಲಿ ಎಲ್ರೂ ನಿನ್ನ ಬೈತಾರೆ ಕಣೋ. ನನ್ನ ತಮ್ಮ ಕೈಬಿಡೋನಲ್ಲ ಅಂತ ನಾನೇ ಬಾಯಿ ಮುಚ್ಚಿಸ್ತಾ ಇದೀನಿ."

ಅವಳು ಬೈದಿದ್ದರೆ ಚೆನ್ನಾಗಿತ್ತು. ಅವನು ಚಹಾವನ್ನು ಅರ್ಧಕ್ಕೆ ಬಿಟ್ಟು ಆಫೀಸಿಗೆ ಓಡಿದ.

ಆಫೀಸಿನ ಗೋಡೆಯ ಮೇಲೆ ದೊಡ್ಡದೊಂದು ಪಟ್ಟಿ ಅಂಟಿಸಿತ್ತು. ಎರಡು ಮುಖ್ಯ ಲೈನು, ಮೂಡಣ ಮತ್ತು ಪಡುವಣ. ಒಂದೊಂದರ ಕೆಳಗೂ ಅದರಿಂದ ಕರೆಂಟು ಪಡೆಯುವ ಊರುಗಳ ಹೆಸರು. ಪಡುವಣ ಲೈನಿಗೆ ಆರನೇ ದಿನ ಕರೆಂಟ್ ಬಂದಿತ್ತು, ಮೂಡಣಕ್ಕೆ ಹನ್ನೆರಡನೇ ದಿನ. ಮೂಡಣಕ್ಕೆ ಬಂದ ಕೂಡಲೇ ಇಂಜಿನಿಯರು ಅದರ ಕೆಳಗಿದ್ದ ಏಳೂ ಊರುಗಳ ಮುಂದೆ ಹಸಿರು ಶಾಯಿಯಲ್ಲಿ ಸರಿ ಗುರುತು ಹಾಕಿಬಿಟ್ಟಿದ್ದರು. ಹೊಳೆಯಾಚೆ ಆ ಏಳರಲ್ಲಿ ಒಂದು. ಹೋಗಿ ನೋಡಿ ಬಂದವರು ಯಾರೂ ಇಲ್ಲ. ಅಲ್ಲಿಯವರು ಫೋನ್ ಮಾಡಿದರೆ, ನಿಮ್ಮ ಮನೆ ವೈರಿಂಗೇ ಸುಟ್ಟುಹೋಗಿರಬೇಕು, ನೋಡ್ಕೊಳ್ಳಿ ಎಂಬ ಉತ್ತರ. ಮೂವತ್ತೆರಡು ಮನೆಯ ವೈರಿಂಗೂ ಒಟ್ಟಿಗೆ ಸುಟ್ಟುಹೋಗುತ್ತದೆಯೇ ಎಂದು ಕೇಳುವ ತಲೆ ಆ ಆಫೀಸಿನಲ್ಲಿ ಒಂದೂ ಇರಲಿಲ್ಲ.

"ಸಾರ್, ಹೊಳೆಯಾಚೆ ಇನ್ನೂ ಕತ್ತಲೇಲೇ ಇದೆ."

"ಟಿಕ್ ಆಗಿದೆಯಲ್ರೀ," ಎಂದರು ಇಂಜಿನಿಯರು, ತಲೆ ಎತ್ತದೆ.

ಮೂರು ದಿನದಿಂದ ಇದೇ ಮಾತು. ಗೋಡೆಗೆ ಹೇಳಿದಂತೆ. ಹೊರಗೆ ಬಂದು ಅವನು ಹಲ್ಲು ಕಡಿದ. ಆದರೆ ಅಷ್ಟೂ ಸಿಟ್ಟನ್ನು ಇಂಜಿನಿಯರ ಮೇಲೆ ಹಾಕಿ ಕೈ ತೊಳೆದುಕೊಳ್ಳುವಂತಿರಲಿಲ್ಲ. ಹೊಳೆಯಾಚೆ ಮೂಡಣ ಲೈನಿನಲ್ಲಿ ಇಲ್ಲವೇ ಇಲ್ಲ. ಅದು ಗೊತ್ತಿದ್ದದ್ದು ಇಡೀ ಇಲಾಖೆಯಲ್ಲಿ ಅವನೊಬ್ಬನಿಗೆ.

ಹನ್ನೊಂದು ವರ್ಷದ ಹಿಂದೆ ಹೊಳೆಯಾಚೆಗೆ ಮೂಡಣ ಕಡೆಯಿಂದಲೇ ಕರೆಂಟು ಹೋಗುತ್ತಿತ್ತು, ಒಂದು ಮರದ ತೋಪಿನ ನಡುವೆ ಹದಿನಾಲ್ಕು ಕಂಬಗಳ ಮೇಲೆ. ಸಣ್ಣ ಗಾಳಿ ಬೀಸಿದರೂ ಕೊಂಬೆ ಬಿದ್ದು ತಂತಿ ತುಂಡಾಗುತ್ತಿತ್ತು. ಲೈನನ್ನು ಪಡುವಣದ ಕಡೆಗೆ ಬದಲಿಸಿ ಎಂದು ಅವನು ಎರಡು ಅರ್ಜಿ ಕೊಟ್ಟ, ಉತ್ತರ ಬರಲಿಲ್ಲ. ಕೊನೆಗೆ ತಲೆ ಕೆಟ್ಟು ತಾನೇ ಬದಲಿಸಿದ. ಊರವರೆಲ್ಲ ಸೇರಿ ಆ ಹದಿನಾಲ್ಕು ಕಂಬಗಳನ್ನು ಕಿತ್ತು, ಟ್ರ್ಯಾಕ್ಟರಿನಲ್ಲಿ ಎಳೆದು ತಂದು, ಹೊಳೆಯ ದಂಡೆಗುಂಟ ನೆಟ್ಟು, ಪಡುವಣ ಲೈನಿಗೆ ಜೋಡಿಸಿದರು. ಅಕ್ಕನೂ ನೀರು ಮಜ್ಜಿಗೆ ಹೊತ್ತು ತಂದಿದ್ದಳು. ಸದ್ಯಕ್ಕೆ ಹೀಗಿರಲಿ, ಆಮೇಲೆ ಆಫೀಸಿಗೆ ಹೇಳಿ ಬರೆಸಿದರಾಯಿತು ಅಂದುಕೊಂಡ. ಆ 'ಆಮೇಲೆ' ಬರಲೇ ಇಲ್ಲ. ಬದಲಿಗೆ ವರ್ಷಕ್ಕೊಂದು ಸಲ ತಪಾಸಣೆಯ ಫಾರಂ ಬರುತ್ತಿತ್ತು: ತೋಪಿನಲ್ಲಿ ಕಂಬ ಹದಿನಾಲ್ಕು, ಸ್ಥಿತಿ ಹೇಗಿದೆ? ಇಲ್ಲದ ಕಂಬಗಳ ಮುಂದೆ ಅವನು ಹನ್ನೊಂದು ಸಲ 'ಉತ್ತಮ' ಎಂದು ಬರೆದು ಸಹಿ ಹಾಕಿದ್ದ.

ಈಗ ಹೊಳೆಯ ದಂಡೆಯಲ್ಲಿ ಏಳು ಕಂಬ ನೆಲ ಕಚ್ಚಿದ್ದವು. ಒಬ್ಬನೇ ಎತ್ತಿ ನಿಲ್ಲಿಸುವ ಕೆಲಸವಲ್ಲ. ತಂಡ ಬೇಕೆಂದರೆ ನಿಜ ಹೇಳಬೇಕು. ನಿಜ ಹೇಳಿದರೆ ವಿಚಾರಣೆ, ಪಿಂಚಣಿಗೆ ಕುತ್ತು. ಹೀಗಾಗಿ ಹದಿನೈದು ದಿನವೂ ಅವನು ಅರ್ಧ ನಿಜ ಹೇಳಿಕೊಂಡು, ಉಳಿದರ್ಧಕ್ಕೆ ಊರನ್ನೆಲ್ಲ ಬೈದುಕೊಂಡು ಓಡಾಡುತ್ತಿದ್ದ.

ಹದಿನಾರನೇ ದಿನ ತಂಡದ ಮೇಸ್ತ್ರಿ ಹೇಳಿದ, "ಅಣ್ಣ, ನಾಳೆ ನಾವು ಹೊರಡ್ತೀವಿ. ಇಲ್ಲಿ ಎಲ್ಲ ಮುಗೀತಂತೆ."

"ಒಂದು ಊರು ಉಳಿದಿದೆ. ಒಂದ್ಸಲ ಬಂದು ನೋಡಿ," ಎಂದು ಅವನು ಮೇಸ್ತ್ರಿಯನ್ನು ಹೊರಡಿಸಿದ.

ಮೇಸ್ತ್ರಿ ನಕ್ಷೆ ಇಲ್ಲದೆ ಹೆಜ್ಜೆ ಇಡುವವನಲ್ಲ. ನಕ್ಷೆ ಅವನನ್ನು ನೆಟ್ಟಗೆ ತೋಪಿಗೇ ಕರೆದುಕೊಂಡು ಹೋಯಿತು. ಅಲ್ಲಿ ಕಂಬವೂ ಇಲ್ಲ, ತಂತಿಯೂ ಇಲ್ಲ. ಮೇಸ್ತ್ರಿ ನಕ್ಷೆಯನ್ನು ತಿರುಗಿಸಿ ನೋಡಿದ, ಮತ್ತೆ ತಿರುಗಿಸಿದ.

"ಇಲ್ಲಿ ಹದಿನಾಲ್ಕು ಕಂಬ ಇರ್ಬೇಕಲ್ಲಣ್ಣ."

"ಗಾಳಿಗೆ ಹೋಗಿರ್ಬೇಕು," ಎಂದ ಲೈನ್‌ಮನ್. ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು. ಇಡೀ ಜಿಲ್ಲೆಯಲ್ಲಿ ನಾಲ್ಕು ಸಾವಿರ ಕಂಬ ಹೋಗಿರುವಾಗ ಇನ್ನೊಂದು ಹದಿನಾಲ್ಕು ಯಾವ ಲೆಕ್ಕ. ಇದು ಮೊದಲೇ ಹೊಳೆಯಬಾರದಿತ್ತೇ ಎಂದು ಒಂದು ಗಳಿಗೆ ಅನ್ನಿಸಿತು.

ಮೇಸ್ತ್ರಿ ತೋಪಿನೊಳಗೆ ಅತ್ತಿಂದಿತ್ತ ನಡೆದ. ನೆಲವನ್ನು ಕಾಲಿನಿಂದ ಕೆದಕಿದ. ಕಂಬಗಳ ಸಾಲು ಇರಬೇಕಾದಲ್ಲಿ ತೊಡೆ ಗಾತ್ರದ ಮರವೊಂದು ಬೆಳೆದಿತ್ತು. ಅದನ್ನು ತಟ್ಟಿ ನೋಡಿ ಹೇಳಿದ, "ಗಾಳಿ ಕಂಬ ಮುರಿಯತ್ತೆ ಅಣ್ಣ. ಗುಂಡಿ ಮುಚ್ಚಿ, ಮಟ್ಟ ಮಾಡಿ, ಮೇಲೆ ಮರ ಬೆಳೆಸಿ ಹೋಗಲ್ಲ."

ಲೈನ್‌ಮನ್ ಅಲ್ಲೇ ಬಿದ್ದ ಕೊಂಬೆಯ ಮೇಲೆ ಕೂತು ಎಲ್ಲವನ್ನೂ ಹೇಳಿದ.

ಮೇಸ್ತ್ರಿ ಬೈಯಲಿಲ್ಲ. "ಏಳು ಕಂಬ ಅಂದ್ರೆ ನಮಗೆ ಎರಡು ದಿನದ ಕೆಲಸ. ಮಾಡ್ಕೊಡ್ತೀನಿ. ಆದ್ರೆ ಪಡುವಣ ಲೈನ್ ಆಫ್ ಮಾಡಿದೀವಿ ಅಂತ ನನ್ನ ಕೈಗೆ ಬರಹದಲ್ಲಿ ಕೊಡ್ಬೇಕು. ಹೊಳೆಯಾಚೆ ಮೂಡಣದಲ್ಲಿದೆ ಅಂತ ನಂಬ್ಕೊಂಡು ಕೂತಿರೋರು, ನಾವು ಕಂಬದ ಮೇಲಿರುವಾಗ ಪಡುವಣ ಆನ್ ಮಾಡಿದ್ರೆ? ಹೋದ ವರ್ಷ ನಮ್ಮವನೊಬ್ಬ ಹಿಂಗೇ ಹೋದ. ಅವನ ಹೆಂಡ್ತಿಗೆ ಸುದ್ದಿ ಹೇಳಿದವನು ನಾನು."

ಲೈನ್‌ಮನ್ ಆಫೀಸಿಗೆ ಹೋಗಿ, ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದು, ಸಹಿ ಮಾಡಿ ಇಂಜಿನಿಯರ ಮುಂದಿಟ್ಟ. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ನಿಂತ.

ಇಂಜಿನಿಯರು ಎರಡು ಸಲ ಓದಿದರು. ಆಮೇಲೆ ಹಾಳೆಯನ್ನು ಮೇಜಿನ ಮೇಲೆ ಅವನ ಕಡೆಗೇ ಸರಿಸಿದರು.

"ಇದನ್ನ ನಾನು ನೋಡಿಲ್ಲ, ನೀವು ಕೊಟ್ಟಿಲ್ಲ. ನೂರಕ್ಕೆ ನೂರು ಆಯ್ತು ಅಂತ ನಿನ್ನೆ ಸಂಜೆ ಮೇಲಕ್ಕೆ ಕಳಿಸಿದೀನಿ ರೀ. ಇದನ್ನ ತಗೊಂಡ್ರೆ ನಾನೂ ಮುಳುಗ್ತೀನಿ, ನೀವೂ ಮುಳುಗ್ತೀರ."

"ಮತ್ತೆ ಆ ಊರಿನ ಗತಿ ಏನು ಸಾರ್?"

"ನಿಮಗೇನು ಇದು ಹೊಸದಾ? ನಿಮ್ಮ ಕೈಚಳಕ ತೋರ್ಸಿ. ಅಲ್ಲಿ ಇಲ್ಲಿ ಒಂದು ಗಂಟು ಹಾಕಿ ಸದ್ಯಕ್ಕೆ ಹೊತ್ತಿಸಿಬಿಡಿ. ಕಾಗದ ಗೀಗದ ಬೇಡ."

ಮೂವತ್ತನಾಲ್ಕು ವರ್ಷ ತಾನು ಹೇಳಿಕೊಂಡು ಬಂದ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಅವನಿಗೆ ಮೈ ಉರಿದುಹೋಯಿತು. ತಪ್ಪು ಒಪ್ಪಿಕೊಳ್ಳುತ್ತೇನೆಂದರೂ ಕೇಳುವವರಿಲ್ಲವಲ್ಲ ಎಂದು ಅಳು ಬರುವಂತಾಯಿತು.

ಅವನು ಸೀದಾ ಪಕ್ಕದ ಸಬ್‌ಸ್ಟೇಷನ್ನಿಗೆ ನಡೆದ. ಯಾವ ಲೈನನ್ನು ಯಾವಾಗ ಆಫ್ ಮಾಡಿದರು, ಯಾರು ಕಂಬ ಹತ್ತಿದರು ಎಂದೆಲ್ಲ ಬರೆಯುವ ಪುಸ್ತಕ ಅಲ್ಲಿರುತ್ತದೆ. ಪುಟಕ್ಕೆ ಪುಟ ನಂಬರು ಹಾಕಿದ ಪುಸ್ತಕ. ಹರಿಯುವಂತಿಲ್ಲ, ಅಳಿಸುವಂತಿಲ್ಲ. ಪ್ರತಿ ಪಾಳಿಯವರೂ ಓದಿ ಸಹಿ ಹಾಕಲೇಬೇಕು. ಅವನು ಅದನ್ನು ಬಿಡಿಸಿ ದೊಡ್ಡ ಅಕ್ಷರದಲ್ಲಿ ಬರೆದ: 'ಹೊಳೆಯಾಚೆ ಊರು ಹನ್ನೊಂದು ವರ್ಷದಿಂದ ಪಡುವಣ ಲೈನಿನಲ್ಲಿದೆ. ಬದಲಿಸಿದವನು ನಾನು. ಈಗ ಏಳು ಕಂಬ ಬಿದ್ದಿವೆ. ಅಲ್ಲಿ ಕರೆಂಟಿಲ್ಲ.' ದಿನಾಂಕ, ಗಂಟೆ, ಹೆಸರು, ಸಹಿ.

ಅದನ್ನು ಓದಿದ ಪಾಳಿಯವನು ಮೇಲಿನ ಆಫೀಸಿಗೆ ಫೋನ್ ಮಾಡಿದ. ಮಧ್ಯಾಹ್ನದೊಳಗೆ ಎರಡು ಆದೇಶ ಹೊರಬಿದ್ದವು. ಒಂದು ಮೇಸ್ತ್ರಿಯ ಕೈಗೆ, ಏಳು ಕಂಬ ನಿಲ್ಲಿಸಲು. ಇನ್ನೊಂದು ಲೈನ್‌ಮನ್ ಕೈಗೆ: ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ದೂರ, ಯಾವ ಕಂಬವನ್ನೂ ತಂತಿಯನ್ನೂ ಮುಟ್ಟಕೂಡದು. ಬರೆಯಬೇಕೆಂದರೆ ಎಷ್ಟು ಬೇಗ ಬರೆಯುತ್ತಾರೆ ಇವರು.

ಆ ಎರಡು ದಿನ ಅವನು ಹೊಳೆಯ ದಂಡೆಯಲ್ಲಿ ಬೆಪ್ಪನಂತೆ ನಿಂತಿದ್ದ. ತಾನೇ ಹಾಕಿದ ಗಂಟುಗಳನ್ನು ಬೇರೆಯವರು ಬಿಚ್ಚಿ ಬಿಸಾಡುವುದನ್ನು ನೋಡಿದ. ಹಗ್ಗ ಜಾರಿದಾಗ ಕೈ ತಾನಾಗಿ ಮುಂದೆ ಹೋಗುತ್ತಿತ್ತು, "ಅಣ್ಣ, ಬೇಡ," ಎಂದು ಮೇಸ್ತ್ರಿ ತಡೆಯುತ್ತಿದ್ದ. ಹದಿನೆಂಟನೇ ದಿನ ಸಂಜೆ ನಾಲ್ಕಕ್ಕೆ ಕೊಳವೆಬಾವಿಯ ಮೋಟರು ಕೆಮ್ಮಿ, ಗೊರಗೊರ ಎಂದು, ನೀರು ಹಾರಿಸಿತು. ಜನ ಮೇಸ್ತ್ರಿಯ ಕೈ ಹಿಡಿದು ಕುಲುಕಿದರು. ಅಕ್ಕ ಸಾಲಿನಲ್ಲಿ ನಿಂತು ಎಲ್ಲರಿಗೂ ಕೇಳುವಂತೆ, "ನನ್ನ ತಮ್ಮ ಕೈಬಿಡಲ್ಲ ಅಂದಿದ್ದೆ ತಾನೇ?" ಎನ್ನುತ್ತಿದ್ದಳು.

ಅದನ್ನು ಕೇಳಿಸಿಕೊಂಡು ನಿಲ್ಲಲು ಅವನಿಂದ ಆಗಲಿಲ್ಲ. ಅವಳು ಕೊಡ ತುಂಬಿಕೊಂಡು ಮನೆಯ ಮುಂದೆ ಇಳಿಸಿದಾಗ ಹತ್ತಿರ ಹೋದ.

"ಅಕ್ಕ, ಪಡುವಣ ಲೈನಿಗೆ ಕರೆಂಟ್ ಬಂದಿದ್ದು ಆರನೇ ದಿನ. ನಿಮ್ಮೂರು ಅದರಲ್ಲಿದೆ ಅಂತ ಆಫೀಸಿಗೆ ಗೊತ್ತಿದ್ದಿದ್ರೆ ಮರುದಿನವೇ ಇಲ್ಲಿ ಕಂಬ ಎತ್ತಿರೋರು. ನಾನು ಹೇಳಿರ್ಲಿಲ್ಲ."

"ಅಂದ್ರೆ? ಕಂಬ ಕಿತ್ತು ಇಲ್ಲಿ ನೆಟ್ಟಿದ್ದು ಅವರಿಗೆ ಗೊತ್ತೇ ಇಲ್ವಾ?"

"ಇಲ್ಲ."

"ನಿನಗೆ ಗೊತ್ತಿತ್ತು."

"ಗೊತ್ತಿತ್ತು. ಪಿಂಚಣಿ ಹೋಗತ್ತೆ ಅಂತ ಹೆದರಿದೆ."

"ದಿನಾ ಬೆಳಿಗ್ಗೆ ನಿನ್ನ ಬಾಗಿಲಿಗೆ ಬಂದು ಕೇಳ್ತಿದ್ನಲ್ಲ. ಆವಾಗ್ಲೂ ಗೊತ್ತಿತ್ತು."

ಅವನು ಬಗ್ಗಿ ಕೊಡಕ್ಕೆ ಕೈ ಹಾಕಿದ. ಅಕ್ಕ ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ಬಿಡು. ಹದಿನೆಂಟು ದಿನ ಹೊತ್ತಿದೀನಿ. ಇನ್ನು ಹತ್ತು ಹೆಜ್ಜೆಗೆ ನೀನು ಬೇಡ."

ಕೊಡವನ್ನು ಸೊಂಟಕ್ಕೇರಿಸಿಕೊಂಡು ಒಳಗೆ ಹೋಗಿ ದೀಪ ಹಾಕಿದಳು. ಅವನನ್ನು ಒಳಗೆ ಕರೆಯಲಿಲ್ಲ.