ಅಕ್ಕನ ಹಲ್ಲು, ಅಮ್ಮನ ಡಬ್ಬಿ

ಅಕ್ಕನ ಕೆನ್ನೆ ಬನ್ನಿನ ಹಾಗೆ ಊದಿಕೊಂಡ ಮೇಲೂ ಅಮ್ಮ ಲವಂಗ ಇಟ್ಟು ಇಟ್ಟು ನೋಡಿದಳು. ಕೊನೆಗೆ ಬೇರೆ ದಾರಿ ಕಾಣದೆ, ದೆಹಲಿಯ ದ್ವಾರಕಾದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಪಕ್ಕದಲ್ಲೇ ಇದ್ದ ಕನ್ನಡಿಗ ಹಲ್ಲಿನ ಡಾಕ್ಟರ ಬಳಿ ಹೊರಟೆವು. ದೆಹಲಿಯಲ್ಲಿ ‘ನಮ್ಮವರು’ ಅಂದರೆ ಅರ್ಧ ನೋವು ಇಳಿಯುತ್ತದೆ, ಇನ್ನರ್ಧ ಏರುವುದೂ ಅವರಿಂದಲೇ. ಆ ಡಾಕ್ಟರ ಹೆಂಡತಿ ನನಗೆ ಗಂಡು ನೋಡುತ್ತಿದ್ದರು.

ಅಕ್ಕನಿಗೆ ಮನಸ್ಸಿನ ಕಾಯಿಲೆ. ಕಾಲೇಜಿನ ದಿನಗಳಿಂದ ಲಿಥಿಯಂ ಮಾತ್ರೆ ನುಂಗುತ್ತಾಳೆ. ಮನೆಗೆ ಬಂದವರ ಕಣ್ಣಿಗೆ ಬೀಳದಿರಲಿ ಎಂದು ಅಮ್ಮ ಆ ಮಾತ್ರೆಗಳನ್ನು ಬಿಡಿಸಿ ವಿಟಮಿನ್ ಡಬ್ಬಿಗೆ ತುಂಬಿಡುತ್ತಿದ್ದಳು.

ಡಾಕ್ಟರು ಅಕ್ಕನ ಬಾಯಿಗೆ ದೀಪ ಹಿಡಿದು, “ಈ ವಯಸ್ಸಿಗೇ ಇಷ್ಟೊಂದು ಹುಳುಕಾ? ಯಾವುದಾದ್ರೂ ಮಾತ್ರೆ ತಗೋತಾರಾ?” ಎಂದು ಅಮ್ಮನನ್ನು ಕೇಳಿದರು.

“ಬರೀ ವಿಟಮಿನ್,” ಅಂದಳು ಅಮ್ಮ. ಸಾಲದ್ದಕ್ಕೆ ಬ್ಯಾಗಿನಿಂದ ಡಬ್ಬಿ ತೆಗೆದು ತೋರಿಸಿದಳು.

“ಅಚ್ಛಾ. ನೋವಿಗೆ ಸ್ವಲ್ಪ ಸ್ಟ್ರಾಂಗ್ ಮಾತ್ರೆ ಕೊಡ್ತೀನಿ. ಒಂದು ಇಲ್ಲೇ ನುಂಗಲಿ.”

ಕೆಲವು ನೋವಿನ ಮಾತ್ರೆ ತಿಂದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು, ನಮ್ಮನ್ನು ಕೇಳದೆ ಕೊಡಲೇಬೇಡಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಅಮ್ಮನಿಗೂ ಅದು ಗೊತ್ತು. ಒಂದು ಮಾತ್ರೆಗೆ ಏನಾದೀತು ಎಂಬಂತೆ ಅವಳು ನನ್ನ ಮಣಿಕಟ್ಟನ್ನು ಅದುಮಿದಳು. ಬಿಸಿತುಪ್ಪ, ನುಂಗುವಂತೆಯೂ ಇಲ್ಲ, ಉಗುಳುವಂತೆಯೂ ಇಲ್ಲ. ಡಾಕ್ಟರು ಮಾತ್ರೆ, ನೀರು ಎರಡನ್ನೂ ಅಕ್ಕನ ಮುಂದೆ ಹಿಡಿದರು. ನನಗೆ ಸಿಟ್ಟು ನೆತ್ತಿಗೇರಿತು. ಗಂಡೂ ಬೇಡ, ಗುಂಡೂ ಬೇಡ ಎಂದುಕೊಂಡು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕನೇ ಮಾತಾಡಿದಳು.

“ಡಾಕ್ಟ್ರೇ, ಅದು ವಿಟಮಿನ್ ಅಲ್ಲ, ಲಿಥಿಯಂ. ನನಗೆ ಬೈಪೋಲಾರ್ ಇದೆ.”

ಡಾಕ್ಟರು ಮಾತ್ರೆಯನ್ನು ಸರಕ್ಕನೆ ಹಿಂದಕ್ಕೆ ತೆಗೆದರು. ಅವರು ಸ್ಟೂಲನ್ನು ಅಕ್ಕನ ಕಡೆಗೆ ಎಳೆದುಕೊಂಡು ಕೂತು, “ಬೇರೆ ಕೊಡ್ತೀನಿ, ನಿಮ್ಮ ಆ ಡಾಕ್ಟರನ್ನ ಕೇಳಿ ಕೊಡ್ತೀನಿ. ಆ ಲಿಥಿಯಂಗೆ ಬಾಯಿ ಒಣಗುತ್ತಾಮ್ಮ?” ಎಂದರು.

“ರಾತ್ರಿಯೆಲ್ಲಾ.”

“ಎದ್ದು ನೀರು ಕುಡೀಬೇಕಲ್ವಾ?”

“ನಾನು ಎದ್ರೆ ಅಮ್ಮ ಲೈಟ್ ಹಾಕ್ಕೊಂಡು ಕೂತ್ಬಿಡ್ತಾಳೆ. ನಿದ್ದೆ ಕೆಟ್ಟಿದೆ, ಕಾಯಿಲೆ ಮತ್ತೆ ಶುರುವಾಯ್ತು ಅಂತ ಹೆದರ್ತಾಳೆ. ಅದಕ್ಕೇ ಏಳಲ್ಲ. ದಿಂಬಿನ ಕೆಳಗೆ ಪೆಪ್ಪರ್‌ಮಿಂಟ್ ಇಟ್ಕೊಂಡು ಬೆಳಗಿನ ತನಕ ಚೀಪ್ತೀನಿ.”

ಅಮ್ಮ ಅಲ್ಲೇ, ನಮ್ಮವರ ಎದುರಿಗೇ, ಅತ್ತುಬಿಟ್ಟಳು.