ತಂಗಿಯ ಅಳತೆಗೆ ಮಾಡಿದ ಅಂಗಿ

"ಅಮ್ಮಾ, ಟೈಲರ್ ಅಜ್ಜಿನೂ ಕೆಟ್ಟೋರಾ?" ಎಂದು ಮಗಳು ಕೇಳಿದಳು. ಅವಳ ಫ್ರಾಕುಗಳನ್ನೆಲ್ಲ ಹೊಲಿದವರು ಕೆಳಮನೆಯ ಆ ಅಜ್ಜಿಯೇ. "ಅಲ್ಲ ಪುಟ್ಟಾ" ಎಂದೆ.

ಅಜ್ಜಿಯ ಮಗ ನಾಲ್ವರು ಹೆಂಗಸರನ್ನು ಕೊಂದವನು. ಪ್ರತಿ ಸಲವೂ ಸತ್ತವಳ ಅಂಗಿಯನ್ನು ಒಗೆದು ತಂದು, "ಅಗ್ಗಕ್ಕೆ ಸಿಕ್ತಮ್ಮ, ತಂಗಿ ಅಳತೆಗೆ ಮಾಡ್ಕೊಡು" ಎನ್ನುತ್ತಿದ್ದ. "ಇಂಥ ಅಣ್ಣ ಯಾರಿಗೆ ಸಿಕ್ತಾನೆ ಹೇಳು!" ಎಂದು ಅಜ್ಜಿ ನನ್ನೆದುರೇ ಹಿಗ್ಗಿದ್ದರು. ಈಗ ಅವನು ಜೈಲಿನಲ್ಲಿದ್ದಾನೆ, ತಂಗಿ ಮನೆ ಬಿಟ್ಟು ಹೋದಳು, ಅಜ್ಜಿಗೆ ಯಾರೂ ಬಟ್ಟೆ ಕೊಡುವುದಿಲ್ಲ.

ಸಂಜೆ ನಾನು ಊಟ ಕೊಡಲು ಹೋದಾಗ, ಅಜ್ಜಿ ಪೊಲೀಸರ ಕೈಗೆ ಸಿಗದೆ ಟ್ರಂಕಿನಲ್ಲಿ ಉಳಿದಿದ್ದ ನೀಲಿ ಅಂಗಿಯೊಂದನ್ನು ತೆಗೆದರು. "ನಾಳೆ ಇದನ್ನ ಸ್ಟೇಷನ್ನಿಗೆ ಕೊಡ್ತೀನಿ ಕಣಮ್ಮಾ. ಇದನ್ನ ಹಾಕ್ತಿದ್ದ ಹುಡುಗಿ ತಾಯಿ ನೋಡೋಕೆ ಬರ್ತಾಳಂತೆ. ಅವಳ ಮಗಳ ಅಳತೆಗೇ ಇರ್ಲಿ. ನನ್ನ ಹೊಲಿಗೆ ನೀನೇ ಬಿಚ್ಚಿಕೊಡು."