ಡಬ್ಬಿಯ ಚೀಟಿಯ ಕೆಳಗೆ

“ತಡಿಲೇ ಬಸ್ಯಾ, ಕುಡಿಬ್ಯಾಡ!”

ಸಿಂಧನೂರಿನ ಜಿಮ್ಮಿನಲ್ಲಿ ನಾನು ಕೂಗಿದ ರಭಸಕ್ಕೆ ಎಲ್ಲರೂ ತಿರುಗಿ ನೋಡಿದರು. ಗೆಳೆಯ ಬಸವರಾಜ ಹೊಸ ಪ್ರೊಟೀನ್ ಡಬ್ಬಿಯ ಪುಡಿಯನ್ನು ಹಾಲಿಗೆ ಕಲಸಿ ಲೋಟ ಬಾಯಿಗೆ ಹಿಡಿದಿದ್ದ. ಡಬ್ಬಿಯ ಮೇಲಿನ ದಿನಾಂಕದ ಚೀಟಿ ಸೊಟ್ಟಗಿತ್ತು. ನಮ್ಮದು ಹತ್ತಿ ಬೆಳೆಯುವ ಮನೆ. ಹಳೇ ಬೀಜಕ್ಕೆ ಹೊಸ ಚೀಟಿ ಅಂಟಿಸಿ ಮಾರುವವರ ಕಾಟಕ್ಕೆ, ಪಾಕೀಟು ಕೆರೆದು ನೋಡದೆ ನಾವು ಬಿತ್ತುವುದೇ ಇಲ್ಲ. ಅದೇ ರೂಢಿಯಲ್ಲಿ ಡಬ್ಬಿಯ ಚೀಟಿಗೆ ಉಗುರು ಹಾಕಿದೆ. ಕೆಳಗೆ ಇನ್ನೊಂದು ದಿನಾಂಕ! ಅವಧಿ ಮುಗಿದು ವರ್ಷವಾಗಿತ್ತು.

“ಇದನ್ನ ಕುಡದು ನಾ ಪೈಲ್ವಾನ ಆಗಾಕ ಹೊಂಟಿದ್ನಲ್ಲಲೇ!” ಎಂದು ಬಸವರಾಜ ಲೋಟ ಕೆಳಗಿಟ್ಟ. ಮರುಕ್ಷಣ ಜಿಮ್ಮಿನವರೆಲ್ಲ ಡಂಬೆಲ್ ಬಿಟ್ಟು ತಂತಮ್ಮ ಡಬ್ಬಿ ಕೆರೆಯತೊಡಗಿದರು.

ಈಗ ಹೊಸ ಡಬ್ಬಿ ಬಂದರೆ ನಮ್ಮಲ್ಲಿ ತೋಳಿಗಿಂತ ಮೊದಲು ಉಗುರಿಗೇ ಕಸರತ್ತು.